ಲೂಪ್ ಒಳಗೆ ಸೆಟ್ ವೇರಿಯಬಲ್ ಬೇಡ

ನಮಸ್ಕಾರ. ಇವತ್ತಿನ ಮಾತು ಪವರ್ ಆಟೋಮೇಟ್‌ನಲ್ಲಿ (ಕೆಲಸಗಳನ್ನು ತಾನಾಗಿ ನಡೆಸುವ ಮೈಕ್ರೋಸಾಫ್ಟ್ ಸಾಧನ) ಫ್ಲೋ, ಅಂದರೆ ಹೆಜ್ಜೆಗಳ ಸರಣಿ, ಮಾಡುವವರಿಗೆ. ನೇರವಾಗಿ ಹೇಳಿಬಿಡುತ್ತೇನೆ. ನಾವು ವೇರಿಯಬಲ್‌ಗಳನ್ನು, ಅಂದರೆ ಮಾಹಿತಿ ಇಟ್ಟುಕೊಳ್ಳುವ ಹೆಸರಿಟ್ಟ ಡಬ್ಬಿಗಳನ್ನು, ಬೇಕಾಬಿಟ್ಟಿ ಬಳಸುತ್ತಿದ್ದೇವೆ, ಅದರಲ್ಲೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪ್ ಒಳಗೆ.

ವೇರಿಯಬಲ್ ಶುರು ಮಾಡುವ ಇನಿಶಿಯಲೈಸ್ ವೇರಿಯಬಲ್ ಅನ್ನೋ ಆಕ್ಷನ್ನನ್ನು (ಫ್ಲೋದ ಒಂದು ಹೆಜ್ಜೆ) ಲೂಪ್ ಒಳಗೆ, ಕಂಡಿಷನ್ ಒಳಗೆ ಇಡೋಕೆ ಬಿಡೋದಿಲ್ಲ, ಗಮನಿಸಿದ್ದೀರಾ? ಆ ನಿಯಮ ಸುಮ್ನೆ ಇಟ್ಟಿದ್ದಲ್ಲ. ಅಲ್ಲಿ ವೇರಿಯಬಲ್ ಅಂದರೆ ಫ್ಲೋ ಒಮ್ಮೆ ಓಡುವ ಇಡೀ ರನ್‌ಗೆ ಒಂದೇ. ಲೂಪಿನ ಒಂದೊಂದು ಸುತ್ತಿಗೆ ಒಂದೊಂದು ಇರೋದಿಲ್ಲ.

ಈಗ ಒಂದು ಎಕ್ಸೆಲ್ ಶೀಟ್ ತಗೊಳ್ಳಿ. 200 ವೆಂಡರ್‌ಗಳು, ಪ್ರತಿಯೊಬ್ಬರ ಬಾಕಿ ಲೆಕ್ಕ ಹಾಕಿ ಮೇಲ್ ಕಳಿಸಬೇಕು. ಅಪ್ಲೈ ಟು ಈಚ್ ಅನ್ನೋ ಲೂಪ್ ಹಾಕುತ್ತೀರಿ, ಒಳಗೆ ಮೊತ್ತವನ್ನು ವೇರಿಯಬಲ್‌ಗೆ ಬರೆಯುವ ಸೆಟ್ ವೇರಿಯಬಲ್‌ಗೆ ಕೊಡುತ್ತೀರಿ, ಕೆಳಗೆ ಮೇಲ್. ಒಂದಾದ ಮೇಲೆ ಒಂದು ಓಡುವವರೆಗೂ ಸರಿಯೇ. ಆಮೇಲೆ ಯಾರೋ ಬಂದು ಫ್ಲೋ ತುಂಬಾ ನಿಧಾನ ಅಂತ ಸೆಟ್ಟಿಂಗ್ಸ್‌ಗೆ ಹೋಗಿ ಕನ್ಕರೆನ್ಸಿ (ಹಲವು ಸುತ್ತು ಒಟ್ಟಿಗೆ ಓಡಿಸುವುದು) ಆನ್ ಮಾಡುತ್ತಾರೆ, ಅದು ಮೊದಲಿಗೆ 20ಕ್ಕೆ ಸೆಟ್ ಆಗಿರುತ್ತೆ, ಬೇಕಿದ್ದರೆ 50ರವರೆಗೂ ಎಳೆಯಬಹುದು. ಈಗ 20 ಸುತ್ತು ಒಟ್ಟಿಗೆ ಓಡುತ್ತವೆ, ಇಪ್ಪತ್ತೂ ಅದೇ ಒಂದು ವೇರಿಯಬಲ್‌ಗೆ ಬರೆಯುತ್ತವೆ, ಅದರಿಂದಲೇ ಓದುತ್ತವೆ. ಹುಬ್ಬಳ್ಳಿ ವೆಂಡರ್‌ನ ಮೊತ್ತ ಮೈಸೂರಿನವರ ಮೇಲ್‌ಗೆ ಹೋಗಿ ಕೂರುತ್ತೆ. ಎರರ್? ಒಂದೂ ಇಲ್ಲ. ರನ್ ಹಿಸ್ಟರಿ ತೆರೆದರೆ ಎಲ್ಲಾ ಹಸಿರು ಟಿಕ್. ನನಗೆ ಭಯ ಆಗೋದು ಇದಕ್ಕೇ. ಫ್ಲೋ ಫೇಲ್ ಆದರೆ ಗೊತ್ತಾಗುತ್ತೆ, ಇದು ಗೊತ್ತೇ ಆಗೋದಿಲ್ಲ, ಆ ಕಡೆಯಿಂದ ಫೋನ್ ಬರಬೇಕು.

ಪರಿಹಾರ ಕಷ್ಟವೇನಲ್ಲ. ಲೂಪ್ ಒಳಗಿನ ಲೆಕ್ಕಕ್ಕೆ ಕಂಪೋಸ್ ಆಕ್ಷನ್ ಬಳಸಿ. ಅದರ ಔಟ್‌ಪುಟ್ ಆಯಾ ಸುತ್ತಿನದ್ದೇ, ಪಕ್ಕದ ಸುತ್ತು ಮುಟ್ಟೋದಿಲ್ಲ. ಪಟ್ಟಿಯಿಂದ ಬರೀ ಎರಡು ಕಾಲಂ ತೆಗೆದು ಹೊಸ ಪಟ್ಟಿ ಮಾಡೋದಿದ್ದರೆ ಲೂಪೇ ಬೇಡ, ಸೆಲೆಕ್ಟ್ ಆಕ್ಷನ್ ಸಾಕು, ವೇಗವೂ ಜಾಸ್ತಿ. ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುವ ಮೊತ್ತಕ್ಕೆ ವೇರಿಯಬಲ್ ಬೇಕು ನಿಜ, ಆದರೆ ಆಗ ಕನ್ಕರೆನ್ಸಿ ಆಫ್ ಇರಲಿ. ಇನ್ನೊಂದು, ಇದೇ ಫ್ಲೋವನ್ನು ಲಾಜಿಕ್ ಆ್ಯಪ್ಸ್‌ಗೆ (ಮೈಕ್ರೋಸಾಫ್ಟ್‌ನ ಇಂಥದ್ದೇ ಇನ್ನೊಂದು ಸೇವೆ) ಒಯ್ಯುವವರು ಜೋಪಾನ. ಅಲ್ಲಿ ಲೂಪ್ ನಾವು ಹೇಳದೇನೇ ಒಟ್ಟೊಟ್ಟಿಗೆ ಓಡುತ್ತೆ.

ಇನ್ನು ಬದಲಾಗದೇ ಇರುವವು. ಮ್ಯಾನೇಜರ್ ಮೇಲ್ ಐಡಿ, ಶೇರ್‌ಪಾಯಿಂಟ್ ಸೈಟ್ ವಿಳಾಸ. ಇವನ್ನು ಫ್ಲೋ ಒಳಗೆ ಯಾಕೆ ಇಡಬೇಕು ಹೇಳಿ? ಸೊಲ್ಯೂಷನ್‌ನಲ್ಲಿ (ಫ್ಲೋಗಳನ್ನು ಒಟ್ಟಿಗೆ ಕಟ್ಟಿಡುವ ಗಂಟು) ಎನ್ವಿರಾನ್ಮೆಂಟ್ ವೇರಿಯಬಲ್ ಮಾಡಿ, ಅಂದರೆ ಫ್ಲೋ ಹೊರಗಿದ್ದು ಎಲ್ಲ ಫ್ಲೋಗಳೂ ಓದಬಹುದಾದ ಸೆಟ್ಟಿಂಗ್. ಮ್ಯಾನೇಜರ್ ಬದಲಾದರೆ ಒಂದು ಕಡೆ ತಿದ್ದಿದರೆ ಆಯ್ತು, ಹದಿನೈದು ಫ್ಲೋ ಹುಡುಕಿಕೊಂಡು ಹೋಗಬೇಕಿಲ್ಲ. ಪಾಸ್‌ವರ್ಡ್ ಮಾತ್ರ ಟೆಕ್ಸ್ಟ್ ಆಗಿ ಎಲ್ಲೂ ಇಡಬೇಡಿ, ಅದಕ್ಕೆ ಸೀಕ್ರೆಟ್ ಅಂತಲೇ ಒಂದು ಟೈಪ್ ಇದೆ, ಅಸಲಿ ಪಾಸ್‌ವರ್ಡ್ ಆಜೂರ್ ಕೀ ವಾಲ್ಟ್‌ನಲ್ಲಿರುತ್ತೆ (ಗುಟ್ಟಿನ ಮಾಹಿತಿ ಇಡುವ ಮೈಕ್ರೋಸಾಫ್ಟ್ ತಿಜೋರಿ). ಸೊಲ್ಯೂಷನ್ನನ್ನು ಬೇರೆ ಕಡೆ ಒಯ್ಯಲು ಎಕ್ಸ್‌ಪೋರ್ಟ್ ಮಾಡುವ ಮುಂಚೆ ಎನ್ವಿರಾನ್ಮೆಂಟ್ ವೇರಿಯಬಲ್‌ನ ಕರೆಂಟ್ ವ್ಯಾಲ್ಯೂ (ಸದ್ಯಕ್ಕೆ ಹಾಕಿದ್ದು) ತೆಗೆದುಬಿಡಿ, ಇಲ್ಲದಿದ್ದರೆ ಟೆಸ್ಟ್‌ಗೆ ಹಾಕಿದ ವಿಳಾಸವೇ ಪ್ರೊಡಕ್ಷನ್‌ಗೂ ಹೋಗುತ್ತೆ.