ಮೊದಲ ಆಯ್ಕೆಯ ಹೊರೆ

ಕೇಳುಗರೆಲ್ಲರಿಗೂ ನಮಸ್ಕಾರ.

1998ರ ಸೆಪ್ಟೆಂಬರ್ 20ರಂದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡದ ರಯಾನ್ ಲೀಫ್ ಎಂಬ 22 ವರ್ಷದ ಯುವಕ ಚೆಂಡನ್ನು ಹದಿನೈದು ಸಲ ಎಸೆದರು. ಅವುಗಳಲ್ಲಿ ತಮ್ಮ ತಂಡದವರ ಕೈ ಸೇರಿದ್ದು ಒಂದೇ ಒಂದು. ಆ ಒಂದು ಎಸೆತದಿಂದ ತಂಡ ಮುಂದೆ ಸಾಗಿದ್ದು 4 ಗಜ. ಎರಡು ಎಸೆತಗಳು ನೇರವಾಗಿ ಎದುರಾಳಿಗಳ ಪಾಲಾದವು. ಐದು ತಿಂಗಳ ಹಿಂದಷ್ಟೇ ಇದೇ ಯುವಕನನ್ನು ಪಡೆಯುವ ಸಲುವಾಗಿ ಆ ತಂಡ ಇಬ್ಬರು ಆಟಗಾರರನ್ನೂ, ಮುಂದಿನ ವರ್ಷದ್ದೂ ಸೇರಿದಂತೆ ತನ್ನ ಅಮೂಲ್ಯ ಆಯ್ಕೆಯ ಹಕ್ಕುಗಳನ್ನೂ ಮತ್ತೊಂದು ತಂಡಕ್ಕೆ ಬಿಟ್ಟುಕೊಟ್ಟಿತ್ತು.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎಸೆಯುತ್ತ, ಹಿಡಿದು ಓಡುತ್ತ ಆಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿನ ರಾಷ್ಟ್ರೀಯ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. 1936ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಸಾಮಾನ್ಯವಾಗಿ ಮೊದಲ ಆಯ್ಕೆಯ ಅವಕಾಶ ಸಿಗುತ್ತದೆ. ತಂಡಗಳ ಬಲ ಸಮವಾಗಲಿ ಎಂಬ ಈ ಸದುದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಇದರಿಂದಾಗಿ ಎಲ್ಲರಿಗಿಂತ ಭರವಸೆಯ ಹುಡುಗ ಎಲ್ಲರಿಗಿಂತ ದುರ್ಬಲ ತಂಡಕ್ಕೆ ಸೇರುತ್ತಾನೆ ಎಂಬುದನ್ನು, ಅಂಥವನು ಎಡವಿದಾಗ ‘ಬಸ್ಟ್’, ಅಂದರೆ ನಿರೀಕ್ಷೆ ಹುಸಿ ಮಾಡಿದವನು, ಎಂಬ ಹಣೆಪಟ್ಟಿ ಹಚ್ಚುವವರು ಮರೆತುಬಿಡುತ್ತಾರೆ.

ಲೀಫ್ ಅವರ ವಿಷಯದಲ್ಲಿ ತಪ್ಪು ಬಹುಮಟ್ಟಿಗೆ ಅವರದೇ. ಕಾನ್ಸಾಸ್ ಸಿಟಿಯ ಆ ಪಂದ್ಯದ ಮರುದಿನ ಉಡುಪು ಬದಲಿಸುವ ಕೋಣೆಯಲ್ಲಿ ಅವರು ಪತ್ರಕರ್ತರೊಬ್ಬರ ಮೇಲೆ ಕೂಗಾಡಿದ ದೃಶ್ಯವನ್ನು ದೂರದರ್ಶನ ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು. ಮರುವರ್ಷ ಭುಜದ ಗಾಯದಿಂದ ಇಡೀ ಋತು ಕೈತಪ್ಪಿತು. ಆಡಲು ಆರಂಭಿಸಿದ 21 ಪಂದ್ಯಗಳಲ್ಲಿ ನಾಲ್ಕು ಗೆಲುವು, ಅಂಕ ತಂದ 14 ಟಚ್‌ಡೌನ್ ಎಸೆತಗಳಿಗೆ ಎದುರಾಗಿ 36 ಇಂಟರ್‌ಸೆಪ್ಷನ್, ಅಂದರೆ ಎದುರಾಳಿಗಳ ಪಾಲಾದ ಎಸೆತ – ಇಷ್ಟಕ್ಕೆ ಅವರ ವೃತ್ತಿಜೀವನ ಮುಗಿಯಿತು. ಮುಂದೆ ನೋವುನಿವಾರಕ ಮಾತ್ರೆಗಳ ಚಟಕ್ಕೆ ಬಿದ್ದು ಸೆರೆವಾಸವನ್ನೂ ಕಂಡು, 2014ರ ಡಿಸೆಂಬರ್‌ನಲ್ಲಿ ಹೊರಬಂದ ಅವರು, ಅಂದಿನಿಂದ ಚಟದಿಂದ ಪಾರಾಗುವ ಬಗೆಯನ್ನು ಕುರಿತು ಊರೂರುಗಳಲ್ಲಿ ಮಾತನಾಡುತ್ತಿದ್ದಾರೆ.

ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಅದೇ ಡ್ರಾಫ್ಟಿನಲ್ಲಿ ಲೀಫ್ ಅವರಿಗಿಂತ ಮೊದಲು, ಅಂದರೆ ಪ್ರಥಮರಾಗಿ, ಇಂಡಿಯಾನಾಪೊಲಿಸ್ ತಂಡಕ್ಕೆ ಆಯ್ಕೆಯಾದವರು ಪೇಟನ್ ಮ್ಯಾನಿಂಗ್. ಆಟದ ಇತಿಹಾಸದ ಅತಿಶ್ರೇಷ್ಠರ ಸಾಲಿನಲ್ಲಿ ಇಂದು ನಿಲ್ಲುವ ಮ್ಯಾನಿಂಗ್ ಆ ಮೊದಲ ವರ್ಷ ಎದುರಾಳಿಗಳ ಕೈಗೆ ಎಸೆದ ಚೆಂಡುಗಳು ಇಪ್ಪತ್ತೆಂಟು! ತಂಡ ಗೆದ್ದದ್ದು ಹದಿನಾರರಲ್ಲಿ ಮೂರು ಪಂದ್ಯ. ಅವರನ್ನು ಯಾರೂ ಕೂರಿಸಲಿಲ್ಲ. ಹದಿನಾರೂ ಪಂದ್ಯಗಳನ್ನು ಆಡಿಸಿದರು. ಮರುವರ್ಷ ಅದೇ ತಂಡ ಹದಿಮೂರು ಪಂದ್ಯ ಗೆದ್ದಿತು.

ಡೇವಿಡ್ ಕಾರ್ ಅವರ ಕಥೆ ಇನ್ನೂ ನೋವಿನದು. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಅವರನ್ನು ದೇಶಕ್ಕೇ ಮೊದಲಿಗರಾಗಿ ಆರಿಸಿಕೊಂಡಿತು. ಕಾರ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು. ಎದುರಾಳಿಗಳು ಮೇಲೆರಗದಂತೆ ಅವರನ್ನು ಕಾಯಲು ಮುಂದೆ ಐವರು ದೈತ್ಯದೇಹಿಗಳ ಸಾಲು ಗೋಡೆಯಂತೆ ನಿಲ್ಲಬೇಕು. ಎಸೆಯುವವನಿಗೆ ಸಿಗುವುದು ಎರಡು ಮೂರು ಸೆಕೆಂಡು. ಆ ಗೋಡೆ ಒಡೆದರೆ ಅಷ್ಟೂ ಇಲ್ಲ. ಈ ಗೋಡೆಗಾಗಿ ಟೆಕ್ಸನ್ಸ್ ತಂದ ಹಿರಿಯ ಆಟಗಾರ ಟೋನಿ ಬೊಸೆಲಿ ಭುಜದ ಗಾಯದ ಕಾರಣ ಆ ತಂಡದ ಪರವಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಆ ವರ್ಷ ಕಾರ್ ಅವರನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವಿದ್ದು 76 ಬಾರಿ. ಅಲ್ಲಿಯವರೆಗೆ ಒಂದೇ ಋತುವಿನಲ್ಲಿ ಯಾರೂ ಅಷ್ಟು ಸಲ ಬಿದ್ದಿರಲಿಲ್ಲ. 2005ರಲ್ಲಿ ಮತ್ತೆ 68 ಬಾರಿ. ಹೀಗೆ ಬಿದ್ದು ಬಿದ್ದು ಏಳುವ ಹುಡುಗ ದೂರಕ್ಕೆ ಕಣ್ಣಿಟ್ಟು ಎಸೆಯುವುದಾದರೂ ಹೇಗೆ? 2007ರಲ್ಲಿ ತಂಡ ಅವರನ್ನು ಕೈಬಿಟ್ಟಿತು.

ಅದೇ ವರ್ಷ ಓಕ್‌ಲ್ಯಾಂಡ್ ರೈಡರ್ಸ್ ತಂಡದ ಪ್ರಥಮ ಆಯ್ಕೆಯಾದ ಜಮಾರ್ಕಸ್ ರಸೆಲ್ ಅವರ ಒಪ್ಪಂದದ ಮಾತುಕತೆ ಸೆಪ್ಟೆಂಬರ್‌ವರೆಗೂ ಎಳೆದು, ಅವರು ಅಭ್ಯಾಸ ಶಿಬಿರವನ್ನೇ ಕಳೆದುಕೊಂಡರು. ಮೂರು ಋತುಗಳಲ್ಲಿ ಅವರ ಆಟವೂ ಮುಗಿಯಿತು. ಇಂಥ ದುಬಾರಿ ಒಪ್ಪಂದಗಳ ಅನುಭವದಿಂದಾಗಿ 2011ರಲ್ಲಿ ಹೊಸಬರ ವೇತನಕ್ಕೆ ಮಿತಿ ಹಾಕಲಾಯಿತು. ಮೊದಲ ಆಯ್ಕೆಗೆ ಹಿಂದಿನ ವರ್ಷ ಸುಮಾರು 5 ಕೋಟಿ ಡಾಲರ್ ಖಾತರಿ ದೊರೆತಿದ್ದರೆ, ಆ ವರ್ಷ ದೊರೆತದ್ದು ಸುಮಾರು 2.2 ಕೋಟಿ. ತಂಡಗಳ ಹಣಕ್ಕೆ ರಕ್ಷಣೆ ಸಿಕ್ಕಿತು, ಮುರುಕು ಗೋಡೆಯ ಹಿಂದೆ ನಿಲ್ಲುವ ಹುಡುಗನಿಗೆ ಸಿಗಲಿಲ್ಲ.

ಕಾರ್ ಮುಂದೆ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಬದಲಿ ಆಟಗಾರರಾದರು. 2012ರ ಫೆಬ್ರುವರಿ 5ರಂದು ಆ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು 21–17ರಿಂದ ಗೆದ್ದಿತು. ಆ ರಾತ್ರಿ ಜೈಂಟ್ಸ್ ಪರ ಚೆಂಡು ಎಸೆದವರು 2004ರ ಡ್ರಾಫ್ಟಿನ ಪ್ರಥಮ ಆಯ್ಕೆ, ಪೇಟನ್ ಅವರ ತಮ್ಮ ಈಲೈ ಮ್ಯಾನಿಂಗ್. 32 ವರ್ಷದ ಕಾರ್ ಮೈದಾನಕ್ಕೆ ಇಳಿಯದೆ, ಅಂಚಿನಲ್ಲಿ ನಿಂತು ಆ ಪಂದ್ಯ ನೋಡಿದರು.