ಕೊಹಬರ್ ಬರೆದ ಗಂಗಾದೇವಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ ಮನೆ ಅಂದ ಕೂಡಲೇ ಮಲೆನಾಡಿನವರಿಗೆ ಹಸೆ ಗೋಡೆ ನೆನಪಾಗುತ್ತದೆ, ಅಲ್ವಾ? ಹಸೆ ಬರೆಯೋದು ಅಂತಾರೆ ಅಲ್ಲಿ. ಬಿಹಾರದ ಮಿಥಿಲೆಯ ಹೆಂಗಸರೂ ಚಿತ್ರವನ್ನು 'ಬರೆಯೋದು' ಅಂತಲೇ ಹೇಳುತ್ತಾರೆ. ಹಾಗೆ ಬರೆಯುತ್ತಾ ಬದುಕಿದ ಒಬ್ಬರ ಬಗ್ಗೆ ಇವತ್ತು ಮಾತಾಡಬೇಕು. ಅವರು ಗಂಗಾದೇವಿ.

1928ರಲ್ಲಿ ಹುಟ್ಟಿದವರು. ಕಾಯಸ್ಥ ಅನ್ನೋ ಜಾತಿಯವರ ಮನೆಯ ಮಗಳು. ಆ ಮನೆಗಳಲ್ಲಿ ಬಣ್ಣ ಕಡಿಮೆ, ಗೆರೆ ಜಾಸ್ತಿ. ಕೂದಲೆಳೆಯಂಥ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯುವ ಈ ಬಗೆಗೆ ಕಚನಿ ಅಂತ ಹೆಸರು.

ಮಿಥಿಲೆಯಲ್ಲಿ ಹೊಸ ಗಂಡ ಹೆಂಡತಿಯ ಕೋಣೆಗೆ ಕೊಹಬರ್ ಅಂತಾರೆ, ಅಲ್ಲಿ ಬರೆಯುವ ಚಿತ್ರಕ್ಕೂ ಅದೇ ಹೆಸರು. ಅದರ ಗೋಡೆಯಲ್ಲಿ ತಾವರೆ ಎಲೆಗಳು ಸುತ್ತಲೂ ಹರಡಿರುತ್ತವೆ, ನಡುವೆ ಬಿದಿರು ನೆಟ್ಟಗೆ ನಿಂತಿರುತ್ತದೆ, ಮೀನು, ಆಮೆ, ಗಿಳಿ, ಹಾವು, ಮೇಲೆ ಸೂರ್ಯ ಚಂದ್ರ, ಪಕ್ಕದಲ್ಲಿ ಗೌರಿಯನ್ನು ಪೂಜಿಸುವ ಮದುಮಗಳು. ತಾವರೆ ಹೆಣ್ಣು, ಬಿದಿರು ಗಂಡು ಅಂತ ಅರ್ಥ ಹೇಳುವವರಿದ್ದಾರೆ. ನನಗೆ ಅದಕ್ಕಿಂತ ಹಿಡಿಸುವುದು ಬೇರೆ. ದೇವರು ಇಲ್ಲಿ, ಕೆರೆ ಅಲ್ಲಿ, ಹೆಣ್ಣಿನ ಮೈ ಇನ್ನೆಲ್ಲೋ ಅಂತ ಆ ಗೋಡೆಯಲ್ಲಿ ಯಾರೂ ಬೇಲಿ ಹಾಕಿಲ್ಲ.

ಇಂಥ ಮಂಗಳದ ಚಿತ್ರ ಬರೆದ ಗಂಗಾದೇವಿಯ ಸ್ವಂತ ಮದುವೆ ಮುರಿದುಬಿತ್ತು. ಮಕ್ಕಳಿಲ್ಲ ಅಂತ ಗಂಡ ಇನ್ನೊಬ್ಬಳನ್ನು ತಂದ. 1960ರ ದಶಕದ ಬರಗಾಲದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯವರು ಮಧುಬನಿ ಕಡೆಯ ಹೆಂಗಸರಿಗೆ ಕಾಗದ ಹಂಚಿ ಚಿತ್ರ ಬರೆಸಿದರು, ಗೋಡೆಯ ಚಿತ್ರ ಹಾಗೆ ಕಾಗದಕ್ಕೆ ಇಳಿಯಿತು. ಮುಂದೆ ಗಂಗಾದೇವಿಗೂ ಅದೇ ಅನ್ನ ಕೊಟ್ಟಿತು.

ಅವರ 'ಮಾನವ ಜೀವನ' ಚಿತ್ರಮಾಲೆ ನನಗೆ ಎಲ್ಲಕ್ಕಿಂತ ದೊಡ್ಡದು. ಬಸುರು, ಹೆರಿಗೆ, ಬಾಲ್ಯ, ಮದುವೆ, ಹೀಗೆ ಒಂದು ಹಳ್ಳಿ ಹೆಣ್ಣಿನ ಬದುಕನ್ನು ಪುರಾಣ ಬರೆಯುವಷ್ಟೇ ಭಕ್ತಿಯಿಂದ ಬರೆದಿದ್ದಾರೆ. ಮಕ್ಕಳಿಲ್ಲ ಅನ್ನಿಸಿಕೊಂಡ ಕೈ ಆ ಹೆರಿಗೆಯ ಚಿತ್ರ ಬರೆದಿದೆ ಅಂತ ನೆನೆದರೆ ಗಂಟಲು ಕಟ್ಟುತ್ತದೆ.

1984ರಲ್ಲಿ ಪದ್ಮಶ್ರೀ ಬಂತು. ಅಮೆರಿಕಕ್ಕೂ ಹೋಗಿಬಂದರು, ಅಲ್ಲಿ ಕಂಡ ರೋಲರ್ ಕೋಸ್ಟರನ್ನೂ ತಮ್ಮ ಗೆರೆಗಳಲ್ಲೇ ಹಿಡಿದರು. ಆಮೇಲೆ ಕ್ಯಾನ್ಸರ್. ಆಸ್ಪತ್ರೆಯ ದಿನಗಳನ್ನೂ ಅವರು ಸುಮ್ನೆ ಬಿಡಲಿಲ್ಲ, ಅದೂ ಒಂದು ಚಿತ್ರಮಾಲೆಯಾಯಿತು. ದೆಹಲಿಯಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೇ ಅಲ್ಲಿನ ಕರಕುಶಲ ವಸ್ತುಸಂಗ್ರಹಾಲಯದ ಒಂದು ಕೋಣೆಯ ಗೋಡೆಗಳ ತುಂಬ ಕೊಹಬರ್ ಬರೆದರು. 1991ರಲ್ಲಿ ತೀರಿಕೊಂಡರು.

ಆ ಕೋಣೆ ಈಗ ಇಲ್ಲ. 2015ರ ಹೊತ್ತಿಗೆ ಕಟ್ಟಡ ಹೊಸದು ಮಾಡುವಾಗ ಕೆಡವಿಬಿಟ್ಟರು. ಊರಲ್ಲಾದರೆ ಗೋಡೆಗೆ ಮಣ್ಣು ಬಳಿದರೂ ಮುಂದಿನ ಮದುವೆಗೆ ಅದೇ ಮನೆಯ ಹೆಂಗಸರು ಮತ್ತೆ ಬರೆಯುತ್ತಾರೆ. ಇಲ್ಲಿ ಬರೆಯಲು ಗಂಗಾದೇವಿ ಇರಲಿಲ್ಲ.

ಫೋಟೋಗಳು ಉಳಿದಿವೆ. ಸಿಕ್ಕರೆ ಆತುರ ಮಾಡಬೇಡಿ. ಒಂದೇ ಒಂದು ತಾವರೆ ಎಲೆ ಹಿಡಿದು ಅದರೊಳಗಿನ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿ.

ನಮಸ್ಕಾರ.