ಒಂದು ಗಂಟೆಯ ಕತ್ತಲೆ, ವರ್ಷವಿಡೀ ತಿರುಗುವ ಫ್ಯಾನು

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಲೋಕಲ್ ಗಾಡಿಯ ನೂಕುನುಗ್ಗಲು ದಾಟಿ ಮುಂಬಯಿಯ ಈ ಮಾಟುಂಗಾ ತನಕ ಬಂದಿದ್ದೀರಿ. ಪೀಠಿಕೆ ಬೇಡ, ಕರೆಂಟು ಉಳಿಸುವ ಲೆಕ್ಕಕ್ಕೇ ನೇರ ಬರುತ್ತೇನೆ.

2007ರ ಮಾರ್ಚ್ 31ರಂದು ಸಿಡ್ನಿಯಲ್ಲಿ ಜನ ಒಂದು ಗಂಟೆ ದೀಪ ಆರಿಸಿದರು. ಅದೇ ‘ಅರ್ಥ್ ಅವರ್’ ಆಗಿ ಊರೂರಿಗೆ ಹಬ್ಬಿತು. 2009ರಿಂದ ನಮ್ಮ ದೇಶದಲ್ಲೂ ಇದೆ. ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ ಒಂದು ಶನಿವಾರ, ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ. ನಮ್ಮ ಸೊಸೈಟಿಗಳ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಭಾರೀ ಉತ್ಸಾಹ. ಕತ್ತಲೆಯ ಫೋಟೋ ತೆಗೆದು ಹಾಕುವವರೂ ಇದ್ದಾರೆ. ಪೂರ್ತಿ ಕಪ್ಪು ಫೋಟೋ!

ಉಳಿಯುವುದು ಎಷ್ಟು? ಒಂದು ವನ್ ಬಿಎಚ್‌ಕೆ ಮನೆಯಲ್ಲಿ ಆ ಹೊತ್ತಿಗೆ ನಾಲ್ಕು ಎಲ್‌ಇಡಿ ಬಲ್ಬು ಉರಿಯುತ್ತಿರುತ್ತವೆ ಅನ್ನಿ. ಒಂದೊಂದು 9 ವಾಟ್. ನಾಲ್ಕಕ್ಕೆ 36. ಸಾವಿರ ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಹಾಗಾಗಿ ಒಂದು ಗಂಟೆ ಆರಿಸಿದರೆ 0.036 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಅಂತ ಹಿಡಿದರೆ 36 ಪೈಸೆ. ಅರವತ್ತು ವಾಟಿನ ಹಳೆ ಬಲ್ಬುಗಳ ಕಾಲದಲ್ಲಾದರೆ ಇದೇ ಕೆಲಸಕ್ಕೆ ಕಾಲು ಯೂನಿಟ್ ಉಳಿಯುತ್ತಿತ್ತು. 2015ರಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬು ಕೊಡುವ ಸರ್ಕಾರದ ಉಜಾಲಾ ಯೋಜನೆ ಬಂದು, ಎಲ್‌ಇಡಿ ಅಗ್ಗವಾಗಿ, ದೀಪದ ಖರ್ಚು ಆಗಲೇ ಇಳಿದುಹೋಗಿದೆ. ನಾವಿನ್ನೂ ದೀಪದ ಹಿಂದೆಯೇ ಬಿದ್ದಿದ್ದೇವೆ.

ಮೇಣದಬತ್ತಿ ಹಚ್ಚಿದಿರೋ, ಲೆಕ್ಕ ತಲೆಕೆಳಗು. ಅಂಗಡಿಯ ಮೇಣ ಬರುವುದು ಪೆಟ್ರೋಲಿಯಂನಿಂದ. ಗಂಟೆಗೆ ಐದಾರು ಗ್ರಾಂ ಮೇಣ ಉರಿದರೆ ಹದಿನೈದು ಗ್ರಾಂ ಮೇಲೆ ಕಾರ್ಬನ್ ಡೈಆಕ್ಸೈಡ್. 9 ವಾಟಿನ ಬಲ್ಬು ಒಂದು ಗಂಟೆ ಉರಿಯಲು ಬೇಕಾದ ಕರೆಂಟು ತಯಾರಾಗುವಾಗ ಬರುವುದು ಆರೇಳು ಗ್ರಾಂ. ಬೆಳಕಂತೂ ಬಲ್ಬಿನದ್ದೇ ಹತ್ತಾರು ಪಟ್ಟು ಜಾಸ್ತಿ.

ಎಲ್ಲರೂ ಸೇರಿ ಮಾಡಿದರೆ ದೊಡ್ಡದಾಗುತ್ತದಲ್ವಾ ಅಂತ ನೀವು ಕೇಳಬಹುದು. 2020ರ ಏಪ್ರಿಲ್ 5 ನೆನಪಿದೆಯಾ? ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೇಶವಿಡೀ ಮನೆಯ ದೀಪ ಆರಿಸಿದೆವು. ಅದು ಕೊರೊನಾ ಕಾಲದ ಒಗ್ಗಟ್ಟಿಗೆ, ಪರಿಸರಕ್ಕಲ್ಲ. ಆದರೆ ಲೆಕ್ಕಕ್ಕೆ ಒಳ್ಳೆ ಉದಾಹರಣೆ. ದೇಶದ ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವಾಟ್ ಇಳಿಯಿತು. ಗ್ರಿಡ್, ಅಂದರೆ ದೇಶದ ವಿದ್ಯುತ್ ಜಾಲ, ನೋಡಿಕೊಳ್ಳುವವರು ಜಲವಿದ್ಯುತ್ ಘಟಕಗಳನ್ನು ಸರಸರ ಇಳಿಸಿ, ಮತ್ತೆ ಸರಸರ ಏರಿಸಿ ಸಂಭಾಳಿಸಿದರು. ಇಷ್ಟೆಲ್ಲ ಆಗಿ ಆ ಒಂಬತ್ತು ನಿಮಿಷದಲ್ಲಿ ಉಳಿದದ್ದು ಸುಮಾರು 46 ಲಕ್ಷ ಯೂನಿಟ್. ಲಾಕ್‌ಡೌನ್ ಇದ್ದರೂ ದೇಶ ಒಂದು ದಿನಕ್ಕೆ ಬಳಸುತ್ತಿದ್ದದ್ದು 250 ಕೋಟಿ ಯೂನಿಟ್ಟಿಗೂ ಜಾಸ್ತಿ.

ಅರ್ಥ್ ಅವರ್ ನಡೆಸುವವರೂ ಕರೆಂಟು ಉಳಿಸುತ್ತೇವೆ ಅಂತ ಹೇಳುವುದಿಲ್ಲ, ಜನರ ಗಮನ ಸೆಳೆಯುವುದು ಉದ್ದೇಶ. ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಅದಾದ ಮೇಲಿನದು. ಹರಕೆ ತೀರಿಸಿದ ಹಾಗೆ ನಿರಾಳವಾಗಿ ಎದ್ದು ಎ.ಸಿ.ಯನ್ನು ಹದಿನೆಂಟಕ್ಕೆ ಇಟ್ಟು ಮಲಗುತ್ತೇವಲ್ಲ, ಅದು.

ಈಗ ಫ್ಯಾನಿನ ವಿಷಯ. ಮುಂಬಯಿಯಲ್ಲಿ ಫ್ಯಾನಿಗೆ ರಜೆ ಇಲ್ಲ. ಮೇ ತಿಂಗಳ ಸೆಕೆ, ಜುಲೈನ ತೇವ, ಅಕ್ಟೋಬರ್‌ನ ಬಿಸಿಲು, ಯಾವಾಗಲೂ ತಿರುಗುತ್ತಲೇ ಇರಬೇಕು. ಮಾಮೂಲಿ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ. ಕಡಿಮೆ ಕರೆಂಟಿನ ಹೊಸ ಬಗೆಯ ಮೋಟರಿರುವ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು, ಗಾಳಿ ಅಷ್ಟೇ. 45 ವಾಟ್ ಉಳಿತಾಯ. ಅಂದರೆ ಅರ್ಥ್ ಅವರ್‌ನಲ್ಲಿ ಆ ಮನೆ ಉಳಿಸುವಷ್ಟನ್ನು ಈ ಒಂದು ಫ್ಯಾನು 48 ನಿಮಿಷದಲ್ಲಿ ಉಳಿಸುತ್ತದೆ, ನೀವು ಟಿ.ವಿ. ನೋಡುತ್ತಾ ಕೂತಿದ್ದರೂ. ದಿನಕ್ಕೆ ಹದಿನೈದು ಗಂಟೆ ಓಡಿದರೆ ತಿಂಗಳಿಗೆ 20 ಯೂನಿಟ್. ನಮ್ಮ ಬಿಲ್ಲಿನಲ್ಲಿ 100, 300, 500 ಯೂನಿಟ್ ಅಂತ ಹಂತಗಳಿವೆ. ಮೇಲೆ ಹೋದಷ್ಟೂ ದರ ಜಾಸ್ತಿ. ನೀವು ಉಳಿಸುವ ಯೂನಿಟ್ಟು ಮೇಲಿನ ದುಬಾರಿ ಹಂತದಿಂದಲೇ ಕಡಿತವಾಗುತ್ತದೆ.

ಬಾಡಿಗೆ ಮನೆಯವರು ಹೇಳುತ್ತಾರೆ, ‘ಹನ್ನೊಂದು ತಿಂಗಳ ಅಗ್ರಿಮೆಂಟು, ಮಾಲೀಕನ ಮನೆಗೆ ನಾನ್ಯಾಕೆ ಫ್ಯಾನ್ ಹಾಕಿಸಲಿ?’ ನ್ಯಾಯವೇ. ಆದರೆ ಫ್ಯಾನು ಗೋಡೆಯಲ್ಲ. ಮಾಲೀಕರ ಫ್ಯಾನ್ ಬಿಚ್ಚಿ ಅಟ್ಟಕ್ಕಿಡಿ, ಬಿಡುವಾಗ ಅದನ್ನು ಸಿಕ್ಕಿಸಿ ನಿಮ್ಮದನ್ನು ಜೊತೆಗೆ ಒಯ್ಯಿರಿ. ಹಳೆ ಚಾಳುಗಳಲ್ಲಿ, ಅಂದರೆ ಸಾಲು ಖೋಲಿಗಳ ವಠಾರಗಳಲ್ಲಿ, ಇನ್ನೂ ದಪ್ಪ ಡಬ್ಬಿಯ ರೆಗ್ಯುಲೇಟರ್ ಇದೆ. ಅದನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಫ್ಯಾನ್ ನಿಧಾನ ಮಾಡಿದಾಗ ಉಳಿಯಬೇಕಾದ ಕರೆಂಟು ಅಲ್ಲಿ ಬಿಸಿಯಾಗಿ ಹೋಗುತ್ತಿದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿಗೆ ಎರಡು-ಮೂರು ನೂರು ರೂಪಾಯಿ ಅಷ್ಟೇ.

ಎ.ಸಿ. ಬಗ್ಗೆ ಜಾಸ್ತಿ ಹೇಳುವುದಿಲ್ಲ. 2020ರ ಜನವರಿಯಿಂದ ಹೊಸ ಎ.ಸಿ.ಗಳು ಆನ್ ಮಾಡಿದಾಗ 24 ಡಿಗ್ರಿಗೇ ಶುರುವಾಗಬೇಕು ಅಂತ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿತಾಯ ಎನ್ನುವುದು ಕರೆಂಟಿನ ಮಿತಬಳಕೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ ಲೆಕ್ಕ. 26ಕ್ಕೆ ಇಟ್ಟು ಫ್ಯಾನ್ ಹಾಕಿ. ಫಿಲ್ಟರ್ ತೊಳೆಯಿರಿ. ಊರೆಲ್ಲ ಅಗೆದು ಹಾಕಿರುವಾಗ ಆ ಜಾಲರಿಯಲ್ಲಿ ಏನೇನು ಕೂತಿರುತ್ತದೋ!

ಮೊಬೈಲ್ ಚಾರ್ಜರ್ ಪ್ಲಗ್ಗಿನಿಂದ ತೆಗೆಯಿರಿ ಅಂತ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ತೆಗೆಯಲಿ, ತಪ್ಪಿಲ್ಲ. ಆದರೆ ಫೋನ್ ಸಿಕ್ಕಿಸದ ಚಾರ್ಜರ್ ವರ್ಷಪೂರ್ತಿ ನೇತಾಡಿದರೂ ಒಂದೆರಡು ಯೂನಿಟ್. ಪಕ್ಕದಲ್ಲೇ ಸೆಟ್ ಟಾಪ್ ಬಾಕ್ಸ್ ಕೂತಿರುತ್ತದೆ. ರಿಮೋಟಿನಲ್ಲಿ ಆಫ್ ಮಾಡಿದರೂ ಹಲವು ಬಾಕ್ಸ್‌ಗಳು ಹತ್ತು ವಾಟ್‌ನಷ್ಟು ಎಳೆಯುತ್ತಲೇ ಇರುತ್ತವೆ. ತಿಂಗಳಿಗೆ ಏಳು ಯೂನಿಟ್! ಸ್ವಿಚ್ ಸೋಫಾದ ಹಿಂದೆ ಇರುತ್ತದೆ, ಕೈ ಹೋಗುವುದಿಲ್ಲ, ಅದಕ್ಕೇ ಯಾರೂ ಆರಿಸುವುದಿಲ್ಲ. ಸ್ವಿಚ್ ಇರುವ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಮುಂದಕ್ಕೆ ತಂದಿಟ್ಟರೆ ಕೆಲಸ ಮುಗಿಯಿತು.

ಅಡುಗೆಮನೆಗೆ ಬರೋಣ. ಇಲ್ಲಿ ಮಂಗಳೂರು-ಉಡುಪಿ ಕಡೆಯವರೇ ಜಾಸ್ತಿ ಇದ್ದೀರಿ, ಕುಚ್ಚಲಕ್ಕಿ ಬಿಟ್ಟು ಇರಲಾರಿರಿ. ಬೇಯಲು ಮುಕ್ಕಾಲು ಗಂಟೆ ಬೇಕು, ಗ್ಯಾಸ್ ಉರಿಯುತ್ತಲೇ ಇರುತ್ತದೆ. ಹೀಗೆ ಮಾಡಿ ನೋಡಿ. ದಪ್ಪ ತಳದ ಪಾತ್ರೆಯಲ್ಲಿ ನೀರು ಕೊತಕೊತ ಕುದಿಸಿ, ತೊಳೆದ ಅಕ್ಕಿ ಹಾಕಿ, ಇನ್ನೊಂದು ಹತ್ತು ನಿಮಿಷ ಜೋರು ಕುದಿ ಬರಲಿ. ಬಿಗಿಯಾದ ಮುಚ್ಚಳ ಹಾಕಿ ಗ್ಯಾಸ್ ಆರಿಸಿ. ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿ ಒಂದೂವರೆ ಗಂಟೆ ಮೂಲೆಯಲ್ಲಿಡಿ. ನಡುವೆ ಮುಚ್ಚಳ ತೆಗೆದು ಇಣುಕಬಾರದು, ಕಷ್ಟ ಇರುವುದು ಅಲ್ಲೇ. ಅಕ್ಕಿ ತನ್ನ ಬಿಸಿಯಲ್ಲೇ ಬೇಯುತ್ತದೆ. ಕೊನೆಗೆ ಒಂದು ಕುದಿ ಕೊಟ್ಟು ಗಂಜಿ ಬಸಿಯಿರಿ. ಈ ಉಪಾಯಕ್ಕೆ ಅಂತಲೇ ಥರ್ಮಲ್ ಕುಕ್ಕರ್ ಸಿಗುತ್ತದೆ, ಆದರೆ ಕಂಬಳಿ ಇರುವಾಗ ಅವಸರವೇನಿಲ್ಲ. ಹೋಟೆಲಿನವರಿಗೆ ಇದು ಆಗುವ ಕೆಲಸವಲ್ಲ. ನೀವು ನಿಮ್ಮ ಹಳೆ ಡೀಪ್ ಫ್ರೀಜರಿನ ಬಾಗಿಲ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಈಚೆ ಬಂದರೆ ತಂಪೂ ಹಾಗೇ ಈಚೆ ಬರುತ್ತಿದೆ.

ಸೊಸೈಟಿ ಮೀಟಿಂಗಿನಲ್ಲಿ ಜೂನ್ 5ರ ಪರಿಸರ ದಿನದ ಫ್ಲೆಕ್ಸ್ ಬ್ಯಾನರಿಗೆ ದುಡ್ಡು ಮಂಜೂರಾಗುತ್ತದೆ. ಪ್ಯಾಸೇಜಿನ ಟ್ಯೂಬ್‌ಲೈಟಿನ ಮಾತು ಎತ್ತಿದರೆ ‘ಮುಂದಿನ ಸಲ ನೋಡೋಣ’. ಏಳು ಮಾಳಿಗೆ, ಮಾಳಿಗೆಗೆ ಎರಡು ಹಳೆ ಟ್ಯೂಬು. ಚೋಕ್ ಸೇರಿ ಒಂದೊಂದಕ್ಕೆ ಐವತ್ತು ವಾಟ್. 20 ವಾಟಿನ ಎಲ್‌ಇಡಿ ಟ್ಯೂಬ್ ಹಾಕಿದರೆ ರಾತ್ರಿಗೆ ಐದು ಯೂನಿಟ್ ಉಳಿಯುತ್ತದೆ. ಬ್ಯಾನರಿನಷ್ಟು ಚೆಂದ ಕಾಣುವುದಿಲ್ಲ, ಅಷ್ಟೇ.

ಕರೆಂಟ್ ಬಿಲ್ ತನ್ನಿ ಅಂತ ಹೇಳಿದ್ದೆ, ಕೆಲವರು ತಂದಿದ್ದೀರಿ. ಅದರಲ್ಲಿ ಹಿಂದಿನ ತಿಂಗಳುಗಳ ಯೂನಿಟ್ ಇರುತ್ತದೆ. ಜನವರಿಯದ್ದನ್ನೂ ಮೇ ತಿಂಗಳದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಸೆಕೆಯ ಖರ್ಚು, ಅಂದರೆ ಎ.ಸಿ., ಫ್ಯಾನು. ಜನವರಿಯಲ್ಲೇ ಯೂನಿಟ್ ಜಾಸ್ತಿ ಇದ್ದರೆ ಫ್ರಿಜ್ಜೋ ಗೀಸರೋ ಏನೋ ಕಿತಾಪತಿ ಮಾಡುತ್ತಿದೆ. ಚಹಾ ಬಂದಿದೆ. ಬಿಲ್ ಹಿಡಿದುಕೊಂಡು ಈ ಮೇಜಿನ ಹತ್ತಿರ ಬನ್ನಿ, ಮೊದಲು ಜನವರಿ ಯೂನಿಟ್ 200 ದಾಟಿದವರು.